ಕರಟದಲ್ಲಿಟ್ಟ ಹಲ್ಲು

ದೇವರು ಮನುಷ್ಯನಿಗೆ ಹಲ್ಲನ್ನು ಎರಡು ಸಲ ಕೊಡುತ್ತಾನೆ. ಮೊದಲ ಸಲ ಕೊಟ್ಟದ್ದನ್ನು ಕಳೆದುಕೊಂಡರೆ, ಪಾಪ, ಮಗು, ಅದಕ್ಕೇನು ಗೊತ್ತು ಎಂದು ಕ್ಷಮಿಸಿ ಇನ್ನೊಂದು ಸಲ ಕೊಡುತ್ತಾನೆ. ಎರಡನೆಯದನ್ನೂ ಹಾಳುಮಾಡಿಕೊಂಡರೆ ಇನ್ನು ನಿನ್ನ ಹಣೆಬರಹ ಎಂದು ದಂತವೈದ್ಯರ ಕೈಗೆ ಒಪ್ಪಿಸಿ ತಾನು ಕೈತೊಳೆದುಕೊಳ್ಳುತ್ತಾನೆ. ನನ್ನನ್ನು ಹಾಗೆ ಒಪ್ಪಿಸಿ ಬಹಳ ಕಾಲವಾಯಿತು. ನನ್ನ ಮೇಲ್ದವಡೆಯ ಮುಂದಿನ ಎರಡು ಹಲ್ಲುಗಳು ನನ್ನವಲ್ಲ. ಅವು ಹಗಲು ಹೊತ್ತು ನನ್ನ ಬಾಯಲ್ಲಿರುತ್ತವೆ, ರಾತ್ರಿ ನೀರು ತುಂಬಿದ ಒಂದು ಸ್ಟೀಲ್ ಡಬ್ಬಿಯಲ್ಲಿರುತ್ತವೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ; ಲೋಕದಲ್ಲಿ ಎಷ್ಟೋ ಜನರ ಹಲ್ಲುಗಳು ಹೀಗೇ ಎರಡು ಮನೆ ಮಾಡಿಕೊಂಡಿವೆ. ನನ್ನ ಕಷ್ಟ ಬೇರೆ. ಬೆಳಿಗ್ಗೆ ಎದ್ದಾಗ ಆ ಡಬ್ಬಿ ಇಟ್ಟ ಜಾಗದಲ್ಲಿ ಇರುತ್ತದೋ ಇಲ್ಲವೋ ಎಂಬುದು ಹಿಂದಿನ ರಾತ್ರಿ ನಾನು ಊಟದ ಎಲೆಯ ಮುಂದೆ ಏನು ಮಾತಾಡಿದೆ ಎನ್ನುವುದರ ಮೇಲೆ ನಿಂತಿದೆ.

ನನ್ನ ಹೆಂಡತಿ ಜಯ ಜಗಳಗಂಟಿಯಲ್ಲ. ಅವಳು ಪಕ್ಕದಲ್ಲಿ ಇಲ್ಲದಾಗಲೂ ನಾನು ಈ ಮಾತನ್ನು ಹೇಳುತ್ತೇನೆ. ಅವಳು ಧ್ವನಿ ಏರಿಸಿದ್ದನ್ನು ನಾನು ಕೇಳಿಲ್ಲ. ಆದರೆ ಅವಳು ಮನಸ್ಸಿನಲ್ಲಿ ಒಂದು ತೀರ್ಮಾನ ಮಾಡಿ, ಅದಕ್ಕೆ ನಾನು ರಾತ್ರಿ ಕೊಂಕು ತೆಗೆದರೆ, ಬೆಳಿಗ್ಗೆ ಗೋಡೆಯ ಗೂಡಿನಲ್ಲಿ ಡಬ್ಬಿ ಇರುವುದಿಲ್ಲ. 'ಎಲ್ಲಿ?' ಎಂದು ಸನ್ನೆಯಲ್ಲಿ ಕೇಳಿದರೆ, 'ಇಲ್ಲೇ ಎಲ್ಲೋ ಇರ್ತದೆ, ನೋಡ್ರೀ, ಇಲಿ ಎಳ್ಕೊಂಡು ಹೋಯ್ತೋ ಏನೋ' ಎನ್ನುತ್ತಾಳೆ. ಮುಚ್ಚಳ ಬಿಗಿದ ಸ್ಟೀಲ್ ಡಬ್ಬಿ ಎಳೆಯುವ ಇಲಿ ಹೊನ್ನವಳ್ಳಿಯಲ್ಲಿ ನಮ್ಮ ಮನೆ ಬಿಟ್ಟರೆ ಬೇರೆಲ್ಲೂ ಇಲ್ಲ. ಶಾಲೆಗೆ ಹೊತ್ತಾಗುತ್ತಿರುತ್ತದೆ. ನಾನು ಸಮಾಜ ಪಾಠದ ಮೇಷ್ಟ್ರು. ಹಲ್ಲಿಲ್ಲದೆ ಹೋಗಿ 'ಸಾಮ್ರಾಟ ಅಶೋಕ' ಎಂದರೆ ಆ ಹೆಸರು ಸಿಳ್ಳೆಯ ಜೊತೆಗೆ ಹೊರಬರುತ್ತದೆ, ಹಿಂದಿನ ಬೆಂಚಿನಿಂದ ಇನ್ನೊಂದು ಸಿಳ್ಳೆ ಅದಕ್ಕೆ ಉತ್ತರ ಕೊಡುತ್ತದೆ. ಹೀಗಾಗಿ ನಾನು ತಲೆಯಾಡಿಸಿ, ಅವಳ ತೀರ್ಮಾನಕ್ಕೆ ಒಪ್ಪಿಕೊಂಡುಬಿಡುತ್ತೇನೆ. ಒಪ್ಪಿಕೊಂಡ ಕೂಡಲೇ ಡಬ್ಬಿ ಅಕ್ಕಿಯ ಪಾತ್ರೆಯಲ್ಲೋ ಅಟ್ಟದ ಮೇಲೋ ಸಿಕ್ಕಿಬಿಡುತ್ತದೆ. ನಮ್ಮ ಮನೆಗೆ ಸೀಮೆಹಸು ಬಂದದ್ದು ಹೀಗೆ. ನನ್ನ ಇಸ್ಪೀಟು ಹೋದದ್ದೂ ಹೀಗೆ.

ಇಂಥ ಸ್ಥಿತಿಯಲ್ಲಿದ್ದವನಿಗೆ ತಿಪಟೂರಿನಲ್ಲಿ ಒಬ್ಬ ಹೊಸ ದಂತವೈದ್ಯ ಸಿಕ್ಕಿದ. ಚಿಕ್ಕ ವಯಸ್ಸಿನವನು, ಗೋಡೆಯ ಮೇಲೆಲ್ಲ ದವಡೆಯ ಪಟಗಳು, ಮಾತಾಡುವ ಹುಮ್ಮಸ್ಸು. ಹಲ್ಲಿನ ವೈದ್ಯರ ಮಾತಿಗೆ ಎದುರಾಡುವವರು ಇರುವುದಿಲ್ಲವಲ್ಲ. ಕೇಳುವವರೆಲ್ಲ ಬಾಯಿ ತೆರೆದುಕೊಂಡಿರುತ್ತಾರೆ. ನನ್ನ ಹಲ್ಲಿನ ಪ್ಲೇಟು ಸಡಿಲವಾಗಿತ್ತು, ಅದರ ಕಂಬಿ ಬಿಗಿ ಮಾಡಿಸಲು ಹೋಗಿದ್ದೆ. ಅವನು ಬಿಗಿ ಮಾಡುತ್ತಲೇ, 'ಸಾರ್, ಫಾರಿನ್‌ನಲ್ಲಿ ಈಗ ಇದೆಲ್ಲ ಹಳೇ ಕಾಲದ್ದು' ಎಂದು ಶುರುಮಾಡಿದ. ಅಲ್ಲಿ ಒಸಡನ್ನು ಸೀಳಿ, ದವಡೆಯ ಮೂಳೆಗೆ ಸಣ್ಣ ತೂತು ಕೊರೆದು, ಟೈಟಾನಿಯಂ ಎಂಬ ಲೋಹದ ಒಂದು ಸ್ಕ್ರೂ ತಿರುಗಿಸಿ ಕೂರಿಸುತ್ತಾರಂತೆ. ಮೇಲೆ ಒಸಡು ಹೊಲಿದು ತಿಂಗಳುಗಟ್ಟಲೆ ಹಾಗೇ ಬಿಡುತ್ತಾರಂತೆ. ಆ ಲೋಹದ ಗುಣವೋ ಏನೋ, ಮೂಳೆ ಅದನ್ನು ಪರಕೀಯ ಎಂದು ತಳ್ಳದೆ ತನ್ನದೇ ಎಂದುಕೊಂಡು ಸುತ್ತ ಬೆಳೆದು ಅಪ್ಪಿ ಹಿಡಿಯುತ್ತದಂತೆ. ಆಮೇಲೆ ಅದರ ನೆತ್ತಿಯ ಮೇಲೆ ಒಂದು ಹಲ್ಲು ಕೂರಿಸಿದರೆ ಮುಗಿಯಿತು, ಕಬ್ಬು ಕಚ್ಚಬಹುದಂತೆ.

'ರಾತ್ರಿ ಬಿಚ್ಚಿಡೋದು?' ಎಂದು ಕೇಳಿದೆ.

'ಬಿಚ್ಚೋಕೆ ಬರಲ್ಲ ಸಾರ್. ನಿಮ್ಮ ಸ್ವಂತ ಹಲ್ಲಿದ್ದ ಹಾಗೆ.'

ಕಬ್ಬಿನ ಆಸೆ ನನಗಿಲ್ಲ. ಬಿಚ್ಚಲು ಬಾರದ ಹಲ್ಲು! ಯಾವ ಇಲಿಯೂ ಎಳೆಯಲಾಗದ ಹಲ್ಲು! ಗಂಡಸಾದವನು ತನ್ನ ಮನೆಯಲ್ಲಿ ಬೆಳಿಗ್ಗೆ ಎದ್ದು, ಬಾಯಿ ತೆರೆದು, 'ಇಲ್ಲ, ನನಗೆ ಒಪ್ಪಿಗೆ ಇಲ್ಲ' ಎಂದು ಸ್ಪಷ್ಟವಾಗಿ ಹೇಳಬಹುದಾದ ಒಂದು ಕಾಲ ನನ್ನ ಕಣ್ಣ ಮುಂದೆ ಬಂತು. ಬಸ್ಸಿನಲ್ಲಿ ಹೊನ್ನವಳ್ಳಿಗೆ ಬರುವ ತನಕ ಆ ವಾಕ್ಯವನ್ನೇ ಬೇರೆಬೇರೆ ರಾಗದಲ್ಲಿ ಅಭ್ಯಾಸ ಮಾಡಿದೆ. ಪಕ್ಕದಲ್ಲಿ ಕೂತಿದ್ದ ಮುದುಕಿ ಸ್ವಲ್ಪ ಜರುಗಿ ಕೂತಳು.

ಮನೆಗೆ ಬಂದು ಜಯಳಿಗೆ ವಿಜ್ಞಾನದ ಹೊಸ ಸುದ್ದಿ ಎಂಬಂತೆ, ನನಗೇನೂ ಸ್ವಂತ ಆಸೆ ಇಲ್ಲ ಎಂಬಂತೆ, ವಿವರಿಸಿದೆ. ಅವಳು ಅಂಗಳದಲ್ಲಿ ಕೂತು ತೆಂಗಿನಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಕುಲುಕುತ್ತಿದ್ದಳು. ನಮ್ಮ ಕಡೆ ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಮರೆತುಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಕರಟದಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಕುಲುಕಿದರೆ ಲೊಡಲೊಡ ಎನ್ನಬೇಕು. ಆ ಸದ್ದಿನಲ್ಲಿ ಒಳಗಿನ ಕೊಬ್ಬರಿ ಪೂರ್ತಿ ಆಗಿದೆಯೋ, ಅರೆಬರೆಯೋ, ಕೊಳೆತಿದೆಯೋ ಎಂದು ಹೇಳುವುದರಲ್ಲಿ ಜಯಳನ್ನು ಮೀರಿಸುವವರಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ ಒಂದು ಕಾಯನ್ನು ಪಕ್ಕಕ್ಕಿಟ್ಟು, 'ತಾತ ಅವತ್ತೇ ಕೇಳಿದ್ರಲ್ಲ, ಇದಕ್ಕೆ ಬೇರು ಎಲ್ಲೈತೆ ಅಂತ. ಫಾರಿನ್‌ನೋರಿಗೆ ಈಗ ಗೊತ್ತಾಯ್ತಾ?' ಎಂದಳು.

ಅವಳ ತಾತ ಆ ಪ್ರಶ್ನೆ ಕೇಳಿದ ದಿನ ನನ್ನ ಬಾಳಿನಲ್ಲಿ ಬಹಳ ದೊಡ್ಡ ದಿನ. ಅದನ್ನು ಹೇಳದಿದ್ದರೆ ಈ ಡಬ್ಬಿಯ ಕಥೆ ನಿಮಗೆ ಅರ್ಥವಾಗುವುದಿಲ್ಲ.

ಮೊದಲು ಆ ಎರಡು ಹಲ್ಲು ಹೋದ ಬಗೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ಗಾದೆ ಮಾಡಿದವನು ನಮ್ಮ ಸೀಮೆಯವನಲ್ಲ. ನಮ್ಮಲ್ಲಿ ಕಡಲೆಯ ಜಾಗದಲ್ಲಿ ಕೊಬ್ಬರಿ, ಅದು ಇರುವುದರಿಂದಲೇ ಹಲ್ಲು ಹೋಗುತ್ತದೆ. ಒಳ್ಳೆ ಉಂಡೆ ಕೊಬ್ಬರಿ ಮರದ ಗಟ್ಟಿ. ಬುದ್ಧಿಯಿದ್ದವರು ಕತ್ತಿಯಲ್ಲಿ ಸೀಳಿ ತಿನ್ನುತ್ತಾರೆ. ನನಗಾಗ ಹೊಸದಾಗಿ ಮೇಷ್ಟ್ರ ಕೆಲಸ ಸಿಕ್ಕಿತ್ತು, ಆದ್ದರಿಂದ ಬುದ್ಧಿಯ ಅಗತ್ಯ ಇನ್ನು ಮುಂದೆ ಇಲ್ಲ ಎಂದುಕೊಂಡಿದ್ದೆ. ತಿಪಟೂರಿನ ಮಂಡಿಯಲ್ಲಿ ಸಂತೆಯ ದಿನ ನಾಲ್ಕು ಜನ ಸ್ನೇಹಿತರ ಮುಂದೆ, ಇಡೀ ಉಂಡೆಯನ್ನು ಹಾಗೇ ಕಚ್ಚಿ ತುಂಡು ಮಾಡುತ್ತೇನೆ ಎಂದು ಕೊಚ್ಚಿಕೊಂಡೆ. ಕಚ್ಚಿದೆ. ಕಟ್ ಎಂದು ಸದ್ದೂ ಬಂತು. ಎಲ್ಲರೂ ಭಲೆ ಎಂದರು. ಆಮೇಲೆ ನೋಡಿದರೆ ಕೊಬ್ಬರಿ ಇಡಿಯಾಗಿತ್ತು. ಕಿತ್ತು ಬಂದ ಹಲ್ಲುಗಳು ಅದರಲ್ಲಿ ಚೆನ್ನಾಗಿ ನಾಟಿಕೊಂಡಿದ್ದವು. ನಾನು ಬಾಯಿ ಹಿಡಿದುಕೊಂಡು ನಲ್ಲಿಗೆ ಓಡಿದೆ. ಬರುವಷ್ಟರಲ್ಲಿ ಆ ಉಂಡೆ ರಾಶಿಗೆ ಸೇರಿ, ರಾಶಿ ಚೀಲಕ್ಕೆ ಸೇರಿ, ಚೀಲ ಲಾರಿಗೆ ಸೇರಿತ್ತು. ನಮ್ಮ ಕೊಬ್ಬರಿಯೆಲ್ಲ ಹೋಗುವುದು ಉತ್ತರಕ್ಕೆ. ನಾನಿನ್ನೂ ದೆಹಲಿ ನೋಡಿಲ್ಲ. ನನ್ನ ಹಲ್ಲುಗಳು ನೋಡಿವೆ.

ಅಲ್ಲಿಂದ ನನ್ನ ಮದುವೆಯ ಮಾತು ನಿಂತುಹೋಯಿತು. ಹೆಣ್ಣು ನೋಡಲು ಹೋದ ಕಡೆಯಲ್ಲೆಲ್ಲ ಜಾತಕ ಕೂಡಿ, ನಕ್ಷತ್ರ ಕೂಡಿ, ನಾನು ನಕ್ಕ ಕೂಡಲೇ ಎಲ್ಲ ಕಳಚುತ್ತಿತ್ತು. ಹುಳಿಯಾರಿನ ಕಡೆಯ ಒಂದು ಮನೆಯವರು, ಹುಡುಗನಿಗೆ ವಯಸ್ಸು ಜಾಸ್ತಿಯಂತೆ ಎಂದು ಹೇಳಿ ಕಳಿಸಿದರು. ಚಿಕ್ಕನಾಯಕನಹಳ್ಳಿಯವರು, ಹುಡುಗ ಹೊಡೆದಾಟಕ್ಕೆ ಹೋಗುತ್ತಾನಂತೆ ಎಂದರು. ಆಗ ನನ್ನ ಸೋದರಮಾವ ಸಿದ್ದಪ್ಪ ಮಧ್ಯೆ ಬಂದ. ನಮ್ಮ ತಂದೆ ತೀರಿಕೊಂಡ ಮೇಲೆ ನನಗೆ ಮದುವೆ ಮಾಡಿಸುವ ಹೊಣೆ ಅವನದಾಗಿತ್ತು, ಆ ಹೊಣೆಯಲ್ಲಿ ಅವನು ಯಾವ ಸುಳ್ಳಿಗೂ ಹಿಂಜರಿಯುತ್ತಿರಲಿಲ್ಲ. ಅವನೇ ನನ್ನನ್ನು ತುಮಕೂರಿಗೆ ಕರೆದೊಯ್ದು, ಅಂಗುಳಿಗೆ ಅಂಟಿಕೊಳ್ಳುವ ಗುಲಾಬಿ ಬಣ್ಣದ ಪ್ಲೇಟಿನಲ್ಲಿ ಎರಡು ಹಲ್ಲು ಕೂರಿಸಿ ಮಾಡಿಸಿದ. 'ಇದ್ನ ತಾಳಿ ಕಟ್ಟೋಗಂಟ ಯಾರ ಮುಂದೂ ಬಿಚ್ಚಬೇಡ ಕಣ್ಲಾ. ಆಮೇಲೆ ಬಿಚ್ಚಿದ್ರೆ ಅವ್ರ ಹಣೆಬರಹ' ಎಂದು ಎಚ್ಚರಿಸಿದ.

ಹೊಸ ಹಲ್ಲು ಹಾಕಿಕೊಂಡು ಮೊದಲು ಹೋದದ್ದು ತುರುವೇಕೆರೆ ಕಡೆಯ ಒಂದು ಹಳ್ಳಿಗೆ, ಜಯಳ ಮನೆಗೆ. ಮನೆಯ ಯಜಮಾನ ಅವಳ ತಾತ. ದೊಡ್ಡ ತೋಟದ ಧಣಿ, ಬಾಯಲ್ಲಿ ಒಂದೂ ಹಲ್ಲಿಲ್ಲ, ಅದರ ಪರಿವೆಯೂ ಇಲ್ಲ. ಹುಡುಗಿ ಉಪ್ಪಿಟ್ಟಿನ ತಟ್ಟೆ ತಂದಳು. ಸಿದ್ದಪ್ಪ ಮಾವ ಪದ್ಧತಿಯಂತೆ, 'ಹಾಡೋಕೆ ಬತ್ತದೇನಮ್ಮ?' ಎಂದು ಕೇಳಿದ. ಅವಳು ತಲೆಯೆತ್ತಿ, 'ಹಾಡೋಕೆ ಬರಲ್ಲ. ಕಾಯಿ ಕುಲುಕಿ ಒಳಗೇನೈತೆ ಅಂತ ಹೇಳ್ತೀನಿ' ಎಂದಳು. ಹಾಗೆನ್ನುತ್ತಾ ನನ್ನ ಕಡೆ ಒಂದು ಸಲ ನೋಡಿದಳು. ಒಳಗೇನಿದೆ ಎಂದು ಗೊತ್ತಾಗಿಬಿಟ್ಟಿತೇನೋ ಎಂದು ನನಗೆ ಹೆದರಿಕೆಯಾಯಿತು. ಅದೇ ಗಳಿಗೆಯಲ್ಲಿ, ಮದುವೆಯಾದರೆ ಇವಳನ್ನೇ, ಇಲ್ಲದಿದ್ದರೆ ಯಾರೂ ಬೇಡ ಎಂದೂ ಅನ್ನಿಸಿಬಿಟ್ಟಿತು. ಇದುವರೆಗೆ ನೋಡಿದ ಹುಡುಗಿಯರು ನನ್ನನ್ನು ಬೇಡವೆಂದಾಗ ನನಗೆ ಅವಮಾನವಾಗಿತ್ತು, ಅಷ್ಟೆ. ಇವಳು ಬೇಡವೆಂದರೆ ದುಃಖವಾಗುತ್ತದೆ ಎಂದು ಉಪ್ಪಿಟ್ಟು ಅಗಿಯುತ್ತಲೇ ತಿಳಿಯಿತು. ನಗು ಬಂದಾಗಲೆಲ್ಲ ಧಾರಾಳವಾಗಿ ನಕ್ಕೆ. ಎರಡು ಹಲ್ಲಿಗೂ ಕೊಟ್ಟ ಹಣ ಸಾರ್ಥಕವಾಗಲಿ ಎಂದು ಕಾರಣವಿಲ್ಲದೆಯೂ ನಕ್ಕೆ.

ಕೆಟ್ಟದ್ದು ಉಪ್ಪಿಟ್ಟಿನಿಂದಲ್ಲ, ಅದರ ಜೊತೆ ಕೊಟ್ಟ ಕೊಬ್ಬರಿ ಮಿಠಾಯಿಯಿಂದ. ಬೆಲ್ಲದ ಪಾಕ ಹದವಾಗಿ ಅಂಟಾಗಿತ್ತು. ಅದರ ಒಂದು ಚೂರು ಪ್ಲೇಟಿನ ಕೆಳಗೆ ಹೊಕ್ಕು, ಹಲ್ಲು ಜೋಡಿಯಾಗಿ ಮೇಲೆ ಕೆಳಗೆ ಆಡಲು ತೊಡಗಿತು. ಬಾಯಿ ಮುಕ್ಕಳಿಸಿ ಬರುತ್ತೇನೆಂದು ಹಿತ್ತಲಿಗೆ ಎದ್ದುಹೋದೆ. ಬಚ್ಚಲಮನೆಯ ಹೊರಗೆ ನೀರಿನ ತೊಟ್ಟಿ, ಅದರ ಕಟ್ಟೆಯ ಮೇಲೆ ಒಂದು ಒಣ ಕರಟವಿತ್ತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಪ್ಲೇಟನ್ನು ಬಿಚ್ಚಿ, ತೊಳೆದು, ಬಾಯಿ ಮುಕ್ಕಳಿಸುವ ತನಕ ಇರಲಿ ಎಂದು ಆ ಕರಟದಲ್ಲಿಟ್ಟೆ.

ಹಿಂದಿನಿಂದ ಕೆಮ್ಮಿದ ಸದ್ದಾಯಿತು. ತಾತ ನಿಂತಿದ್ದ. ನಾನು ತುಟಿ ಬಿಗಿದು ತಿರುಗಿದೆ. ಮುದುಕ, 'ಬನ್ರಪ್ಪ ಮೇಷ್ಟ್ರೇ, ತೋಟ ತೋರುಸ್ತೀನಿ' ಎಂದು ನನ್ನ ತೋಳು ಹಿಡಿದೇಬಿಟ್ಟ. ಮುದುಕರ ಹಿಡಿತ ನಿಮಗೆ ಗೊತ್ತಲ್ಲ. ಕರಟದ ಕಡೆ ಕೈ ಚಾಚಿದರೆ ಅವನು ನೋಡುತ್ತಾನೆ, ಬೇಡ ಎನ್ನಬೇಕೆಂದರೆ ಬಾಯಿ ತೆರೆಯಬೇಕು. ಹೋದೆ. ಒಂದೊಂದು ಮರದ ಮುಂದೆಯೂ ನಿಲ್ಲಿಸಿ ಅದರ ಗುಣ, ಸ್ವಭಾವ, ಅದರ ತಾಯಿಮರದ ಗುಣ, ಸ್ವಭಾವ ವಿವರಿಸಿದ. ಒಂದು ಕಡೆ ಸಾಲಿನಲ್ಲಿ ಖಾಲಿ ಜಾಗವಿತ್ತು. ಅಲ್ಲಿದ್ದ ಮರಕ್ಕೆ ಸಿಡಿಲು ಬಡಿದಿತ್ತಂತೆ. ಖಾಲಿ ಬಿಟ್ಟರೆ ಅಕ್ಕಪಕ್ಕದ ಮರಗಳು ಬೆಳಕು ಹುಡುಕಿಕೊಂಡು ಆ ಕಡೆಗೇ ವಾಲುತ್ತವೆ, ಅದಕ್ಕೇ ಮಳೆಗಾಲ ಬಂದ ಕೂಡಲೇ ಸಸಿ ಇಡಬೇಕು ಎಂದ. ನಾನು ಎಲ್ಲದಕ್ಕೂ ಮೂಗಿನಲ್ಲಿ 'ಹ್ಞೂಂ' ಎನ್ನುತ್ತಿದ್ದೆ. ತಾತನಿಗೆ ನನ್ನ ಮೇಲೆ ಬಹಳ ಅಭಿಮಾನ ಬಂತು. ಓದಿದವರು ಮಾತು ಕೇಳುವುದೇ ಇಲ್ಲ, ನೀವು ಮಧ್ಯೆ ಒಂದು ಮಾತೂ ಆಡಲಿಲ್ಲ, ಇಂಥ ವಿನಯ ಈ ಕಾಲದಲ್ಲಿ ಎಲ್ಲಿದೆ ಎಂದು ಬೆನ್ನು ತಟ್ಟಿದ.

ವಾಪಸು ಬಂದಾಗ ತೊಟ್ಟಿಯ ಕಟ್ಟೆ ಖಾಲಿಯಾಗಿತ್ತು. ಕರಟ ಇರಲಿಲ್ಲ. ಬಚ್ಚಲಮನೆಯ ಹಂಡೆಯ ಒಲೆ ಧಗಧಗ ಉರಿಯುತ್ತಿತ್ತು. ತೋಟ ಸುತ್ತಿ ಬರುವವರಿಗೆ ಕೈಕಾಲು ತೊಳೆಯಲು ಬಿಸಿನೀರು ಬೇಕೆಂದು ಹುಡುಗಿಯ ತಾಯಿ ಒಲೆ ದೊಡ್ಡದು ಮಾಡಿದ್ದರು. ನನಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು. ತೆಂಗಿನ ಸೀಮೆಯಲ್ಲಿ ಹುಟ್ಟಿ ಬೆಳೆದವನು ನಾನು. ನಮ್ಮಲ್ಲಿ ಒಲೆಯ ಹತ್ತಿರ ಬಿದ್ದ ಕರಟವನ್ನು ಯಾರೂ ನೋಡಿ ಎತ್ತುವುದಿಲ್ಲ. ಕೈ ತಾನಾಗಿ ಹೋಗುತ್ತದೆ, ಕರಟ ತಾನಾಗಿ ಒಲೆಗೆ ಹೋಗುತ್ತದೆ. ಅಂಥ ಜಾಗದಲ್ಲಿ ಹಲ್ಲನ್ನು ಕರಟದಲ್ಲಿಟ್ಟ ಮೇಲೆ ಯಾರನ್ನು ದೂರುವುದು? ಒಳಗಿದ್ದ ಎರಡು ಬಿಳಿ ಚೂರುಗಳನ್ನು ಆಕೆ ಕಂಡಿದ್ದರೂ ಕೊಬ್ಬರಿ ಚೂರು ಎಂದುಕೊಂಡಿರಬೇಕು. ಸೋತವನ ಕೈಗೆ ಚಿಪ್ಪು ಎನ್ನುತ್ತಾರೆ. ನನಗೆ ಚಿಪ್ಪೂ ಸಿಗಲಿಲ್ಲ.

ಪಡಸಾಲೆಗೆ ಹೋಗಿ ಕೂತೆ. ತುಟಿಯನ್ನು ಹೊಲಿಗೆ ಹಾಕಿದಂತೆ ಬಿಗಿದಿದ್ದೆ. ಅಲ್ಲಿ ಮಾತು ಕೊನೆಯ ಹಂತಕ್ಕೆ ಬಂದಿತ್ತು. ಆ ಮನೆಯಲ್ಲೊಂದು ಪದ್ಧತಿ. ಹಿಂದೆ ಯಾರೋ ಅತ್ತೆಯ ಮದುವೆಯಲ್ಲಿ ಹಿರಿಯರ ಮಾತಿನ ಮೇಲೆ ತಾಂಬೂಲ ಬದಲಾಯಿಸಿ, ಆಮೇಲೆ ಹುಡುಗ ನಾನೆಲ್ಲಿ ಒಪ್ಪಿದ್ದೆ ಎಂದು ಕೈಯೆತ್ತಿ, ದೊಡ್ಡ ರಂಪವಾಗಿತ್ತಂತೆ. ಅಂದಿನಿಂದ ಹುಡುಗ ಹಿರಿಯರ ಮುಂದೆ ತಾನೇ ಬಾಯಿಬಿಟ್ಟು ಒಪ್ಪಿಗೆ ಎನ್ನದೆ ಆ ಮನೆಯಲ್ಲಿ ತಾಂಬೂಲದ ತಟ್ಟೆ ಹೊರಗೆ ಬರುವುದಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ಆ ಹೊಸ್ತಿಲಿನ ಹೊರಗೇ ನಿಲ್ಲಬೇಕು. ತಾತ ನನ್ನ ಕಡೆ ತಿರುಗಿ, ನಿಮ್ಮ ಮನಸ್ಸಿನಲ್ಲಿರುವುದನ್ನು ಹೇಳಿ ಮೇಷ್ಟ್ರೇ ಎಂದ. ನಾನು ತಲೆಯಾಡಿಸಿದೆ. ತಲೆಯಾಡಿಸಿದರೆ ಆಗದು, ಬಾಯಿಬಿಟ್ಟು ಹೇಳಬೇಕು ಎಂದ. ಮಾವ ನನ್ನ ತೊಡೆ ಚಿವುಟಿದ. ನಾನು ಇನ್ನೊಂದು ಸಲ, ಇನ್ನೂ ಜೋರಾಗಿ, ತಲೆಯಾಡಿಸಿದೆ.

ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆಯನ್ನು ನಾನು ಮಕ್ಕಳಿಗೆ ಎಷ್ಟೋ ಸಲ ವಿವರಿಸಿದ್ದೆ, ಅದರ ಅರ್ಥ ತಿಳಿದದ್ದು ಆ ದಿನ. ಬಾಯಿ ತೆರೆದರೆ ಹಲ್ಲಿಲ್ಲದ್ದು ಕಂಡು ಹುಡುಗಿ ಕೈತಪ್ಪುತ್ತಾಳೆ. ತೆರೆಯದಿದ್ದರೆ ಒಪ್ಪಿಗೆಯಿಲ್ಲ ಎಂದಾಗಿ ಕೈತಪ್ಪುತ್ತಾಳೆ. ತಾತ ಸ್ವಲ್ಪ ಹೊತ್ತು ಕಾದ. ಅವನ ಮುಖ ಸಣ್ಣದಾಯಿತು. ತೋಟದಲ್ಲಿ ನನ್ನ ಬೆನ್ನು ತಟ್ಟಿದ ಕೈಯಲ್ಲಿ ತನ್ನ ಮೊಣಕಾಲು ಉಜ್ಜಿಕೊಳ್ಳುತ್ತಾ, 'ಬುಡಿ, ಬಲವಂತ ಇಲ್ಲ. ಋಣಾನುಬಂಧ ಇದ್ದಂಗಾಯ್ತದೆ' ಎಂದ. ಅಡುಗೆಮನೆಯ ಬಾಗಿಲ ಹಿಂದೆ ಸೀರೆಯ ಸೆರಗು ಕಾಣುತ್ತಿತ್ತು. ಅದು ಮೆಲ್ಲಗೆ ಒಳಗೆ ಸರಿದುಹೋಯಿತು.

ಆ ಸೆರಗು ಸರಿದದ್ದನ್ನು ನನಗೆ ತಡೆಯಲಾಗಲಿಲ್ಲ. ಹೋದರೆ ನನ್ನ ಮಾನ ಹೋಗಲಿ, ಆ ಹುಡುಗಿ ತನ್ನನ್ನು ಯಾರೋ ಬೇಡವೆಂದು ಹೋದರು ಎಂದುಕೊಳ್ಳುವುದು ಬೇಡ ಎನ್ನಿಸಿತು. ಎದ್ದು ನಿಂತು, ಇಡೀ ಮನೆಗೆ ಕೇಳುವಂತೆ, 'ನನಗೆ ಒಪ್ಪಿಗೆ ಇದೆ. ಸಂಪೂರ್ಣ ಒಪ್ಪಿಗೆ ಇದೆ' ಎಂದೆ. 'ಸಂಪೂರ್ಣ' ಎಂಬ ಮಾತು ಅಡ್ಡಗೋಡೆಗೆ ತಾಗಿ ಸಿಳ್ಳೆಯಾಗಿ ವಾಪಸು ಬಂತು.

ಪಡಸಾಲೆಯಲ್ಲಿದ್ದವರ ಕಣ್ಣೆಲ್ಲ ನನ್ನ ಬಾಯಿಗೆ ನಾಟಿದವು. ಅರ್ಧ ಗಂಟೆಯ ಹಿಂದೆ ಬಾಯಿ ತುಂಬ ಹಲ್ಲಿಟ್ಟುಕೊಂಡು ಉಪ್ಪಿಟ್ಟು ತಿಂದು ನಕ್ಕವನು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಎರಡು ಹಲ್ಲು ಕಡಿಮೆಯಾಗಿದ್ದಾನೆ. ಯಾರೇ ಆದರೂ ಏನೆಂದುಕೊಳ್ಳಬೇಕು? ಹುಡುಗಿಯ ತಾಯಿ ಎದೆಯ ಮೇಲೆ ಕೈಯಿಟ್ಟುಕೊಂಡು, 'ಅಯ್ಯೋ ಶಿವನೇ, ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ರಾ? ಪಾಚಿ ಉಜ್ಜಿ ಉಜ್ಜಿ ಅಂತ ಬಡ್ಕೊಂಡೆ' ಎಂದು ಅಳುವ ಹಾಗಾದರು. ನನ್ನ ಮಾವನನ್ನು ಮೆಚ್ಚಬೇಕು. ಅವನು ಉಗುಳು ನುಂಗುವಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ. 'ಹೋಗ್ಲಿ ಬುಡಿ, ಬಿದ್ದ. ಯಾರ ಮನೇಲಾದ್ರೂ ಪಾಚಿ ಇದ್ದದ್ದೇ. ನಾವೇನು ಮನಸ್ಸಿಗೆ ಹಚ್ಕೊಳಲ್ಲ. ಹೆಣ್ಣು ಕೊಟ್ಬುಡಿ, ಸರಿಹೋಯ್ತದೆ' ಎಂದು ಔದಾರ್ಯ ತೋರಿಸಿದ. ನಾನು ಇಲ್ಲ ಇಲ್ಲ ಎಂದು ಕೈಯಾಡಿಸುತ್ತಿದ್ದರೆ, ಹುಡುಗನಿಗೆ ನೋವು, ಮಾತಾಡಿಸಬೇಡಿ ಎಂದು ನನ್ನನ್ನು ಎಳೆದು ಕೂರಿಸಿದ.

ಆಗ ಜಯ ಒಳಗಿನಿಂದ ಬಂದಳು. ಅವಳ ಕೈಯಲ್ಲಿ ಒಲೆಯ ಇಕ್ಕಳವಿತ್ತು. ಇಕ್ಕಳದ ತುದಿಯಲ್ಲಿ, ಅಂಚು ಸುಟ್ಟು ಇನ್ನೂ ಹೊಗೆಯಾಡುತ್ತಿದ್ದ ಒಂದು ಕರಟ. ಅದನ್ನು ನನ್ನ ಮುಂದಿನ ಚಾಪೆಯ ಪಕ್ಕದಲ್ಲಿ ನೆಲದ ಮೇಲಿಟ್ಟು, 'ಯಾರೂ ಬಿದ್ದಿಲ್ಲಮ್ಮ. ಒಲೆ ಸರಿ ಮಾಡೋಕೆ ಬಗ್ಗಿದೆ, ಇವರ ಹಲ್ಲು ನನ್ನ ನೋಡಿ ನಗ್ತಿತ್ತು' ಎಂದಳು.

ಕರಟ ಒಲೆಯ ಬಾಯಲ್ಲೇ ಉಳಿದಿದ್ದರಿಂದ, ನಾನು ತೊಳೆದಿಟ್ಟ ತೇವವೂ ಇದ್ದದ್ದರಿಂದ ಪ್ಲೇಟು ಪೂರ್ತಿ ಸುಟ್ಟಿರಲಿಲ್ಲ. ಒಂದು ಮೂಲೆ ಮುದುಡಿತ್ತು, ಒಂದು ಹಲ್ಲು ಹೊಗೆ ಹಿಡಿದು ಕಪ್ಪಾಗಿತ್ತು, ಇನ್ನೊಂದು ಏನೂ ಆಗದಂತೆ ಬೆಳ್ಳಗಿತ್ತು. ಭೂಮಿ ಬಾಯಿ ಬಿಡಲಿ ಎಂದು ಬೇಡಿಕೊಂಡೆ. ಅದೂ ನನ್ನ ಹಾಗೆ ಬಾಯಿ ಬಿಗಿದುಕೊಂಡಿತ್ತು. ನಾನು ತಲೆ ತಗ್ಗಿಸಿಯೇ ಮಂಡಿಯಲ್ಲಿ ಕೊಬ್ಬರಿ ಕಚ್ಚಿದ್ದರಿಂದ ಹಿಡಿದು ಕರಟದಲ್ಲಿ ಇಟ್ಟ ತನಕ ಎಲ್ಲವನ್ನೂ ಸಿಳ್ಳೆಯ ಸಮೇತ ಹೇಳಿದೆ. ಮಾವ ಛಾವಣಿಯ ತೊಲೆಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ತಾತ ಆ ಪ್ಲೇಟನ್ನು ಪಂಚೆಯ ಚುಂಗಿನಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದ. ಅವನಿಗೆ ಕೋಪ ಬರುತ್ತದೆ ಎಂದುಕೊಂಡಿದ್ದೆ. ಅವನಿಗೆ ಬಂದದ್ದು ಬೇಸಾಯಗಾರನ ಅನುಮಾನ. 'ಇದಕ್ಕೆ ಬೇರು ಎಲ್ಲೈತಪ್ಪ?' ಎಂದ. ಇಲ್ಲ, ಬರೀ ಅಂಗುಳಿಗೆ ಅಂಟಿಕೊಂಡಿರುತ್ತದೆ ಎಂದೆ. 'ಮತ್ತೆ ನಿಲ್ಲದೆಂಗೆ? ಗುಂಡಿಗೆ ಇಡದೆ ಮೇಲ್ಗಡೆ ನಿಲ್ಸಿದ್ರೆ ಯಾವ ಸಸಿ ನಿಂತದೆ? ಮೊದ್ಲು ಗುಂಡಿ ತೆಗೀಬೇಕು. ಜಾಸ್ತಿ ದಿನ ಬುಟ್ರೆ ಗುಂಡಿ ಮುಚ್ಕೊಂಡೋಯ್ತದೆ' ಎಂದು ನನ್ನ ಬಾಯಿಯೊಳಗೆ ಇಣುಕಿ ನೋಡಿದ. ಆಮೇಲೆ ಪ್ಲೇಟನ್ನು ಕರಟಕ್ಕೆ ಹಾಕಿ, ಮೊಮ್ಮಗಳ ಕಡೆ ತಿರುಗಿ, 'ನೀನೇನಂತೀಯವ್ವ?' ಎಂದು ಕೇಳಿದ.

ಹುಡುಗಿಯನ್ನು ಕೇಳುವುದು ಆ ಮನೆಯ ಪದ್ಧತಿಯಾಗಿರಲಿಲ್ಲ. ಜಯ ಇಕ್ಕಳವನ್ನು ಕೈಯಿಂದ ಕೈಗೆ ಬದಲಾಯಿಸಿಕೊಂಡಳು. 'ಹಲ್ಲಿಲ್ದಿದ್ರೂ ಎಲ್ಲಾರ ಮುಂದೆ ಬಾಯಿ ಬಿಟ್ಟು ಒಪ್ಪಿಗೆ ಅಂದ್ರಲ್ಲ ತಾತ. ನಂಗಷ್ಟು ಸಾಕು' ಎಂದಳು. ತಾಂಬೂಲದ ತಟ್ಟೆ ಹೊರಗೆ ಬಂತು.

ಮದುವೆಯ ದಿನ ನಾನು ಒಂದು ಕಪ್ಪು, ಒಂದು ಬಿಳುಪು ಹಲ್ಲಿನಲ್ಲೇ ಧಾರೆಯೆರೆಸಿಕೊಂಡೆ. ಆ ಫೋಟೋ ಈಗಲೂ ನಮ್ಮ ನಡುಮನೆಯಲ್ಲಿದೆ. ನೋಡಿದವರು ಫೋಟೋಗೆ ಗೆದ್ದಲು ಹಿಡಿದಿದೆ ಎನ್ನುತ್ತಾರೆ, ನಾವು ತಿದ್ದುವುದಿಲ್ಲ. ಮೊದಲ ದಿನವೇ ಜಯ ಒಂದು ಸ್ಟೀಲ್ ಡಬ್ಬಿ ತಂದುಕೊಟ್ಟಳು. ಇನ್ನು ಮೇಲೆ ಕರಟದಲ್ಲಿ ಇಡಬೇಡಿ, ಜೋಪಾನ ಮಾಡುವ ಕೆಲಸ ನನಗೆ ಬಿಡಿ ಎಂದಳು. ಆಗ ನನಗೆ ಕಣ್ಣು ತುಂಬಿ ಬಂತು. ಆ ಜೋಪಾನ ಮುಂದೆ ಯಾವ ರೂಪಕ್ಕೆ ತಿರುಗಿತು ಎಂದು ನಿಮಗೆ ಆಗಲೇ ಹೇಳಿದ್ದೇನೆ.

ಈಗ ಹೇಳಿ, ಬಿಚ್ಚಲು ಬಾರದ ಹಲ್ಲಿಗೆ ನಾನು ಆಸೆಪಟ್ಟದ್ದು ತಪ್ಪೇ? ಮುಂದಿನ ಸಲ ತಿಪಟೂರಿಗೆ ಹೋದಾಗ ಧೈರ್ಯ ಮಾಡಿ ಡಾಕ್ಟರನ್ನು ಕೇಳಿದೆ. ಆ ಸ್ಕ್ರೂ ನಮ್ಮ ಕಡೆಗೆ ಯಾವಾಗ ಬರುತ್ತದೆ, ಬಂದರೆ ಮೊದಲನೆಯದು ನನಗೇ ಇರಲಿ ಎಂದೆ. ತಿಂಗಳುಗಟ್ಟಲೆ ಕಾಯಬೇಕಾದರೆ ಚಿಂತೆಯಿಲ್ಲ, ಕೊಬ್ಬರಿಗಾಗಿ ವರ್ಷ ಕಾಯುವ ಜನ ನಾವು ಎಂದೂ ಸೇರಿಸಿದೆ. ಅವನು ನನ್ನ ಬಾಯಿ ತೆರೆಸಿ, ಹಲ್ಲಿಲ್ಲದ ಜಾಗವನ್ನು ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ನೋಡಿದ. ಅದು ಇಲ್ಲಿಗೆ ಬರಲು ಇನ್ನೂ ಬಹಳ ಕಾಲ ಬೇಕು ಎಂದ. ಬಂದರೂ ನಿಮಗೆ ಕಷ್ಟ, ಹಲ್ಲು ಹೋಗಿ ಬಹಳ ವರ್ಷವಾದರೆ ಅಲ್ಲಿನ ಮೂಳೆ ಕರಗಿ ಸಣ್ಣದಾಗುತ್ತದೆ, ಸ್ಕ್ರೂ ಹಿಡಿಯಲು ಸಾಕಷ್ಟು ಉಳಿದಿಲ್ಲ ಎಂದು ಬೇಸರದಿಂದ ಹೇಳಿದ. ಗುಂಡಿ ಮುಚ್ಚಿಕೊಂಡುಹೋಗಿತ್ತು. ಬಸ್ಸಿನಲ್ಲಿ ಈ ಸಲ ಯಾವ ವಾಕ್ಯವನ್ನೂ ಅಭ್ಯಾಸ ಮಾಡಲಿಲ್ಲ.

ಕಳೆದ ಶನಿವಾರ ರಾತ್ರಿ ಊಟದ ಹೊತ್ತಿನಲ್ಲಿ ಜಯ ಹೊಸ ತೀರ್ಮಾನ ತಿಳಿಸಿದಳು. ಈ ಸಲ ಕಾಯಿ ಜಾಸ್ತಿ ಬಿದ್ದಿದೆ, ಅಟ್ಟ ತುಂಬಿದೆ, ಉಳಿದದ್ದನ್ನು ನಿಮ್ಮ ಓದುವ ಕೋಣೆಗೆ ಹಾಕಿಸುತ್ತೇನೆ. ನನ್ನ ಓದುವ ಕೋಣೆ ಎಂದರೆ ಒಂದು ಮೇಜು, ಒಂದು ಕುರ್ಚಿ, ಒಂದು ಕಿಟಕಿ. ಈ ಪ್ರಪಂಚದಲ್ಲಿ ನನ್ನದೆನ್ನುವುದು ಅಷ್ಟೇ. ನಾನು ಕೆರಳಿದೆ. ಎರಡು ಹಲ್ಲೂ ಬಾಯಲ್ಲಿದ್ದವು, ಒಂದು ಭಾಷಣವನ್ನೇ ಮಾಡಿದೆ. ವಿದ್ಯೆಗೆ ತೆಂಗಿನಕಾಯಿಗಿಂತ ಹೆಚ್ಚಿನ ಸ್ಥಾನವಿದೆ, ಸಮಾಜ 'ಸಂಸ್ಕೃತಿ'ಯಿಂದ ನಿಂತಿದೆ ಎಂದು ಒಂದೂ ಸಿಳ್ಳೆಯಿಲ್ಲದೆ ಹೇಳಿದೆ. ಜಯ ಸಾರು ಬಡಿಸಿದಳು.

ಭಾನುವಾರ ಬೆಳಿಗ್ಗೆ ಡಬ್ಬಿ ಇರಲಿಲ್ಲ. ಬಾಗಿಲಲ್ಲಿ ಆಳುಗಳು ಕಾಯಿ ತುಂಬಿದ ಮಂಕರಿ ಹೊತ್ತು ನಿಂತಿದ್ದರು. ಜಯ ಅವರೆಲ್ಲರ ಮುಂದೆ, 'ಏನಂತೀರ್ರೀ, ಹಾಕಿಸ್ಲಾ?' ಎಂದಳು. ನಾನು ತುಟಿ ಬಿಗಿದು ನಿಂತೆ. ಅವಳು ಸ್ವಲ್ಪ ಹೊತ್ತು ಕಾದಳು, ತನ್ನ ತಾತನ ಹಾಗೇ. ಆಮೇಲೆ, 'ಸುಮ್ನವ್ರೆ ಅಂದ್ರೆ ಒಪ್ಪಿಗೆ ಅಂತ. ಹಾಕ್ರಪ್ಪ' ಎಂದಳು. ಯಾವ ಮನೆಯಲ್ಲಿ ಮೌನಕ್ಕೆ ಒಪ್ಪಿಗೆಯಿಲ್ಲ ಎಂದು ಅರ್ಥವಿತ್ತೋ ಆ ಮನೆಯ ಹೆಣ್ಣುಮಗಳು!

ಸಂಜೆ ಡಬ್ಬಿ ಸಿಕ್ಕಿತು. ಅವಳು ಅದನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಕುಲುಕಿ, ಸದ್ದು ಕೇಳಿ ಸಮಾಧಾನಪಟ್ಟುಕೊಂಡು, ನನ್ನ ಮುಂದಿಟ್ಟಳು. ಜೊತೆಯಲ್ಲಿ ಒಂದು ಬಟ್ಟಲು. ಅದರಲ್ಲಿ ಸಣ್ಣಗೆ ತುರಿದ ಕೊಬ್ಬರಿ, ಮೇಲೆ ಪುಡಿ ಬೆಲ್ಲ. ಮದುವೆಯಾದಾಗಿನಿಂದ ನನಗೆ ಅವಳು ಕೊಬ್ಬರಿಯನ್ನು ಕಚ್ಚಲು ಕೊಟ್ಟಿಲ್ಲ. ದಿನವೂ ತುರಿದೇ ಕೊಟ್ಟಿದ್ದಾಳೆ, ಜಗಳವಿದ್ದ ದಿನ ಸ್ವಲ್ಪ ಬೆಲ್ಲ ಜಾಸ್ತಿ. ನಾನು ಹಲ್ಲನ್ನು ತೊಳೆದು, ಹಾಕಿಕೊಂಡು, ನಾಲಿಗೆಯಿಂದ ಒತ್ತಿ ಭದ್ರ ಮಾಡಿಕೊಂಡೆ. ಗಂಟಲು ಸರಿಮಾಡಿಕೊಂಡೆ. ಬಸ್ಸಿನಲ್ಲಿ ಅಭ್ಯಾಸ ಮಾಡಿದ್ದ ವಾಕ್ಯ ತುದಿನಾಲಿಗೆಗೆ ಬಂದು ನಿಂತಿತ್ತು. ಅವಳು ಎದುರಿಗೆ ಕೂತು, ಕೊಬ್ಬರಿ ತುರಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, 'ಈಗ ಹೇಳಿ, ಹಲ್ಲು ಐತಲ್ಲ. ಕಾಯಿ ತೆಗೆಸ್ಬೇಕಾ?' ಎಂದು ಕೇಳಿದಳು.

ಬಟ್ಟಲು ನೋಡಿದೆ. ಅವಳನ್ನು ನೋಡಿದೆ. ಬೆಲ್ಲ ಬಹಳ ಜಾಸ್ತಿಯಿತ್ತು.

'ಒಪ್ಪಿಗೆ ಇದೆ, ಸಂಪೂರ್ಣ ಒಪ್ಪಿಗೆ ಇದೆ' ಎಂದೆ. ಈ ಸಲ ಸಿಳ್ಳೆ ಬರಲಿಲ್ಲ, ಅಷ್ಟೇ ವ್ಯತ್ಯಾಸ. ಇದನ್ನು ನಾನು ಬರೆಯುತ್ತಿರುವುದು ತೆಂಗಿನಕಾಯಿ ರಾಶಿಯ ಮೇಲೆ ಕೂತು.